ಬಂಡೆ ಸೀಳೋ ಪುಡಿ: ಮೇ ತಿಂಗಳ ಬಿಸಿಲಿಗೆ ಯಾವ ಬ್ರ್ಯಾಂಡ್, ಯಾವ ಗ್ರೇಡ್?

ಹಿತ್ತಲಗುಂಡು, ಕುಷ್ಟಗಿ

ಎಲ್ಲರಿಗೂ ನಮಸ್ಕಾರ್ರಿ. ಮನಿ ಹಿತ್ತಲದಾಗ ಒಂದು ದೊಡ್ಡ ಗುಂಡುಕಲ್ಲು ಐತಿ, ಅದನ್ನ ಸೀಳಬೇಕು. 10 ಅಡಿ ಉದ್ದ, 6.5 ಅಡಿ ಅಗಲ, ನೆಲದ ಮ್ಯಾಲ 5 ಅಡಿ ಎತ್ತರ. ಇಳಕಲ್ ಕಡೆ ಸಿಗೋ ಕೆಂಪು ಗ್ರಾನೈಟ್ ಜಾತಿ, ಬಿರುಕು ಒಂದೂ ಕಾಣಂಗಿಲ್ಲ. ಮನಿ ಗ್ವಾಡಿ 12 ಅಡಿ ದೂರ. ಜಾಕ್ ಹ್ಯಾಮರ್, ಕಂಪ್ರೆಸರ್ ಬಾಡಿಗಿಗೆ ಸಿಗತಾವ.

ಒಬ್ಬರು "ಕರಿಮದ್ದು (ಗನ್‌ಪೌಡರ್) ಸ್ವಲ್ಪ ತುಂಬಿದರ ಮೆತ್ತಗ ಸೀಳತೈತಿ" ಅಂತಾರ. ಇನ್ನೊಬ್ಬರು "ಕೆಮಿಕಲ್ ಪುಡಿ ಹಾಕ್ರಿ, ಸಪ್ಪಳನೂ ಆಗಂಗಿಲ್ಲ" ಅಂತಾರ. ಪುಡಿಯಾಗ ಡೆಕ್ಸ್‌ಪ್ಯಾನ್ ಐತಿ, ಕ್ರ್ಯಾಕಮೈಟ್ ಐತಿ, ಮತ್ತ ಹೆಸರಿಲ್ಲದ ಚೀಲ ಒಂದು ಐತಿ, ಅದರ ಮ್ಯಾಲ ಎಚ್‌ಎಸ್‌ಸಿಎ-2 ಅಂತ ಬರದೈತಿ. ಹೆಸರಿಲ್ಲದ್ದು ಎಲ್ಲಾದಕ್ಕಿಂತ ಅಗ್ಗ. ಯಾವುದು ಛಲೋ, ಎಷ್ಟು ಬೇಕು, ಹೋಲ್ ಎಷ್ಟೆಷ್ಟು ದೂರ ಹಾಕಬೇಕು, ಗೊತ್ತಿದ್ದವರು ತಿಳಿಸ್ರಿ.

ಶಾಟ್‌ಫೈರರ್, ಲಿಂಗಸುಗೂರು

ಅಣ್ಣಾರ, ಮೊದಲ ಕರಿಮದ್ದಿನ ಮಾತು ತಲಿಯಿಂದ ತೆಗೀರಿ.

ಕರಿಮದ್ದು "ಮೆತ್ತಗ" ಅನ್ನೋ ಹೆಸರು ಬಂದದ್ದು ಕ್ವಾರಿಯಾಗ. ಬೇರೆ ಸ್ಫೋಟಕ ಕಲ್ಲನ್ನ ಗುದ್ದಿ ಒಡೀತದ, ಅದರ ಅಲಿ ಬ್ಲಾಕಿನ (ಕ್ವಾರಿಯಿಂದ ತೆಗೆಯೋ ದೊಡ್ಡ ಕಲ್ಲಿನ) ಒಳಗ ಕಣ್ಣಿಗೆ ಕಾಣದ ಸಣ್ಣ ಬಿರುಕು ಬಿಡ್ತದ, ಪಾಲಿಶ್‌ಗೆ ಹೋದಾಗ ಬ್ಲಾಕ್ ರಿಜೆಕ್ಟ್ ಆಗ್ತದ. ಕರಿಮದ್ದು ಹಂಗಲ್ಲ, ಅದು ಉರೀತದ, ಗ್ಯಾಸ್ ಬಿಟ್ಟು ನೂಕ್ತದ. ಅದಕ್ಕ ಬ್ಲಾಕ್ ತೆಗೆಯೋ ಹಳೇ ಕ್ವಾರಿಗಳಾಗ ಅದನ್ನೇ ನಂಬಿದ್ದರು. ಆದರ ಆ ನೂಕು ಮೂರೂ ಕಡಿ ಕಟ್ಟಿಕೊಂಡ ಬೆಂಚಿನ್ಯಾಗ (ಕ್ವಾರಿಯ ಮೆಟ್ಟಿಲಿನ್ಯಾಗ) ಮಾತ್ರ ಮೆತ್ತಗ. ನಿಮ್ಮ ಗುಂಡು ಸುತ್ತಲೂ ಬಯಲು. ಗ್ಯಾಸ್ ಯಾವ ಕಡಿ ಸಡಿಲ ಸಿಗ್ತದ ಆ ಕಡಿ ತುಂಡನ್ನ ಎಸೀತದ. 12 ಅಡಿಯಾಗ ಗ್ವಾಡಿ ಅಂದ್ರ ಮಾತೇ ಇಲ್ಲ.

ಇನ್ನ ಕಾನೂನು. ಕರಿಮದ್ದೂ ಸ್ಫೋಟಕನೇ. 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮ ಎರಡೂ ಅದಕ್ಕ ಹತ್ತತಾವ. 2021ರ ಜನವರಿಯಾಗ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಾಗ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡೂ ಕಡಿ ಕ್ವಾರಿಗೆ ಅಂತ ಇದ್ದ ಮಾಲು ಸಿಡಿದು ಮಂದಿ ಸತ್ತರು. "ಸ್ವಲ್ಪ ಮದ್ದು" ಅಂತ ಯಾರರ ಚೀಲದಾಗ ತಂದುಕೊಟ್ರ ಮುಟ್ಟಬ್ಯಾಡ್ರಿ.

ಸೀಳೋ ಪುಡಿ ಸ್ಫೋಟಕ ಅಲ್ಲ. ಬೆಂಕಿ ಇಲ್ಲ, ಅದರುವುದಿಲ್ಲ, ಕಲ್ಲು ಹಾರೂದಿಲ್ಲ. ನಿಮ್ಮ ಕೆಲಸಕ್ಕ ಅದೇ ಸರಿ.

ಸುಣ್ಣ-ಸಿಮೆಂಟು, ಬಳ್ಳಾರಿ

ಬ್ರ್ಯಾಂಡ್ ಹೋಲಿಸುವ ಮೊದಲು ಚೀಲದಲ್ಲಿ ಏನಿದೆ ಅನ್ನುವುದು ತಿಳಿದಿದ್ದರೆ ಅರ್ಧ ಗೊಂದಲ ಹೋಗುತ್ತದೆ.

ಎಲ್ಲ ಬ್ರ್ಯಾಂಡಿನ ಜೀವಾಳ ಒಂದೇ: ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ನೀರು ಕುಡಿದರೆ ಅದು ಅರಳಿದ ಸುಣ್ಣವಾಗುತ್ತದೆ, ಗಟ್ಟಿ ಪದಾರ್ಥದ ಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಕಲ್ಲಿಗೆ ಕೊರೆದ ಹೋಲಿನೊಳಗೆ ಹಿಗ್ಗಲು ಜಾಗವಿಲ್ಲದ್ದರಿಂದ ಹೋಲಿನ ಗೋಡೆಯನ್ನು ಒತ್ತುತ್ತದೆ. ಗ್ರಾನೈಟನ್ನು ಅದುಮಿ ಪುಡಿ ಮಾಡಲು 150 ಮೆಗಾಪ್ಯಾಸ್ಕಲ್‌ಗೂ ಹೆಚ್ಚು ಒತ್ತಡ ಬೇಕು. ಎಳೆದು ಸೀಳಲು ಸುಮಾರು 10 ಸಾಕು. ಸಾಲಾಗಿ ಹಾಕಿದ ಹೋಲುಗಳು ಕಲ್ಲನ್ನು ಎಳೆಯುತ್ತವೆ, ಆದ್ದರಿಂದ ಸೀಳುತ್ತದೆ.

ಹಾಗಾದರೆ ಬ್ರ್ಯಾಂಡುಗಳ ನಡುವಿನ ವ್ಯತ್ಯಾಸ ಎಲ್ಲಿ? ಸುಣ್ಣವನ್ನು ಎಷ್ಟು ಕಾವಿನಲ್ಲಿ ಸುಟ್ಟಿದ್ದಾರೆ ಮತ್ತು ಎಷ್ಟು ನುಣ್ಣಗೆ ಬೀಸಿದ್ದಾರೆ ಅನ್ನುವುದರಲ್ಲಿ. ಗೋಡೆಗೆ ಬಳಿಯುವ ಸುಣ್ಣವನ್ನು 900–1000 ಡಿಗ್ರಿಯಲ್ಲಿ ಸುಡುತ್ತಾರೆ, ಅದು ನೀರು ಬಿದ್ದ ಕೂಡಲೇ ಕುದಿಯುತ್ತದೆ. ಸೀಳೋ ಪುಡಿಯ ಸುಣ್ಣವನ್ನು ಅದಕ್ಕಿಂತ ಎಷ್ಟೋ ಹೆಚ್ಚು ಕಾವಿನಲ್ಲಿ ಸುಟ್ಟು ಕಾಳು ಬಿಗಿಯುವಂತೆ ಮಾಡಿರುತ್ತಾರೆ. ಅದು ನಿಧಾನವಾಗಿ ನೀರು ಕುಡಿಯುತ್ತದೆ. ಜೊತೆಗೆ ಸಿಲಿಕೇಟು, ಅಲ್ಯುಮಿನೇಟು, ಬೇಗ ಅರಳದಂತೆ ತಡೆಯುವ ರಾಸಾಯನಿಕ ಸೇರಿಸಿರುತ್ತಾರೆ. ಬೇಸಿಗೆ ಗ್ರೇಡು ತುಂಬಾ ನಿಧಾನ, ಚಳಿಗಾಲದ ಗ್ರೇಡು ಚುರುಕು. ಒಂದೇ ಬ್ರ್ಯಾಂಡಿನ ಎರಡು ಗ್ರೇಡುಗಳ ನಡುವಿನ ಅಂತರ ಎರಡು ಬ್ರ್ಯಾಂಡುಗಳ ನಡುವಿನ ಅಂತರಕ್ಕಿಂತ ದೊಡ್ಡದು. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯ ಬಿಸಿಲಿಗೆ ಈ ಮಾತು ಪ್ರಾಣಕ್ಕೆ ಸಂಬಂಧಿಸಿದ್ದು. ಯಾಕೆಂದರೆ ಸುಣ್ಣ ಅರಳುವಾಗ ಒಂದು ಕೆಜಿಗೆ ಸಾವಿರ ಕಿಲೋಜೂಲ್‌ಗೂ ಹೆಚ್ಚು ಕಾವು ಬಿಡುತ್ತದೆ. ನಿಧಾನವಾಗಿ ಬಿಟ್ಟರೆ ಕಲ್ಲು ಹೀರಿಕೊಳ್ಳುತ್ತದೆ. ಒಮ್ಮೆಲೇ ಬಿಟ್ಟರೆ ಹೋಲಿನಲ್ಲಿರುವ ನೀರು ಕುದಿದು ಆವಿಯಾಗಿ, ರಾಡಿಯನ್ನೆಲ್ಲ (ನೀರಲ್ಲಿ ಕಲಸಿ ತುಂಬಿದ ಪುಡಿಯನ್ನು) ಕೋವಿಯ ಹಾಗೆ ಮೇಲಕ್ಕೆ ಎಸೆಯುತ್ತದೆ. ಬ್ಲೋಔಟ್ ಅನ್ನುವುದು ಇದಕ್ಕೇ. ಬಗ್ಗಿ ನೋಡುತ್ತಿದ್ದವನ ಕಣ್ಣಿಗೆ ಸುಡುವ ಸುಣ್ಣ ಬೀಳುತ್ತದೆ.

ಮಾಲು-ಲೆಕ್ಕ, ಬಳ್ಳಾರಿ

ಸುಣ್ಣ-ಸಿಮೆಂಟು ಸರ್ ಹೇಳಿದ್ದಕ್ಕೆ ಚೀಲದ ಮೇಲಿನ ಅಂಕಿಗಳನ್ನು ಜೋಡಿಸುತ್ತೇನೆ.

ಡೆಕ್ಸ್‌ಪ್ಯಾನ್ ಅಮೆರಿಕದ ಬ್ರ್ಯಾಂಡ್. 20 ಕೆಜಿ ಪೆಟ್ಟಿಗೆಯಲ್ಲಿ 5 ಕೆಜಿಯ ನಾಲ್ಕು ಚೀಲ. ಟೈಪ್ 1 ಎಂದರೆ 25ರಿಂದ 40 ಡಿಗ್ರಿ, ಟೈಪ್ 2 ಎಂದರೆ 10ರಿಂದ 25, ಟೈಪ್ 3 ಎಂದರೆ ಮೈನಸ್ 5ರಿಂದ 10.

ಬ್ರೈಸ್ಟಾರ್ ಜಪಾನಿನದು. ಒನೋಡಾ ಸಿಮೆಂಟ್ ಹೊರತಂದದ್ದು, ಈಗ ತೈಹೇಯೋ ಗುಂಪಿನಲ್ಲಿದೆ. ಇದರಲ್ಲಿ 100, 150, 200, 300 ಅಂತ ಗ್ರೇಡು. ಸಂಖ್ಯೆ ಸಣ್ಣದಾದಷ್ಟೂ ಹೆಚ್ಚು ಬಿಸಿಗೆ. 100 ಅನ್ನುವುದೇ ಬೇಸಿಗೆಯದು, ಅದರ ಮೇಲ್ಮಿತಿ 35 ಡಿಗ್ರಿ. ಜಪಾನಿನ ಬೇಸಿಗೆಗೆ ಅದು ಸಾಕು, ರಾಯಚೂರಿನ ಮೇ ತಿಂಗಳಿಗೆ ಸಾಲದು. ಗುಣಮಟ್ಟ ಒಳ್ಳೆಯದೆಂದು ಕಣ್ಣು ಮುಚ್ಚಿ ಹಾಕುವ ಹಾಗಿಲ್ಲ.

ಎಚ್‌ಎಸ್‌ಸಿಎ ಬ್ರ್ಯಾಂಡ್ ಅಲ್ಲ, ಚೀನಾದಲ್ಲಿ ಈ ಜಾತಿಯ ಪುಡಿಗೆ ಇರುವ ಸಾಮಾನ್ಯ ಹೆಸರು. ಅದರ 1, 2, 3ರ ಉಷ್ಣ ಮಿತಿ ಡೆಕ್ಸ್‌ಪ್ಯಾನ್‌ನ ಮೂರು ಟೈಪಿನ ಹಾಗೆಯೇ. ಹಾಗಾಗಿ ಕುಷ್ಟಗಿಯವರೇ, ನಿಮಗೆ ಅಗ್ಗಕ್ಕೆ ಸಿಗುತ್ತಿರುವ ಎಚ್‌ಎಸ್‌ಸಿಎ-2 ಚೀಲ 10ರಿಂದ 25 ಡಿಗ್ರಿಯದು. ಡಿಸೆಂಬರ್ ರಾತ್ರಿ ಹಾಕಬಹುದು. ಈಗ ಹಾಕಿದರೆ ಹೋಲ್ ಹಾರುವುದು, ಅಂದರೆ ಬ್ಲೋಔಟ್, ಬಹುತೇಕ ಖಚಿತ. ದಯವಿಟ್ಟು ಬೇಡ.

ಕ್ರ್ಯಾಕಮೈಟ್ ಕೊಳ್ಳುವುದಾದರೆ ಹೆಸರು ನೋಡಿ ಸುಮ್ಮನಾಗಬೇಡಿ. ಚೀಲದ ಮೇಲೆ ಎಷ್ಟರಿಂದ ಎಷ್ಟು ಡಿಗ್ರಿ ಎಂದು ಬರೆದಿದೆ, ತಯಾರಾದ ತಿಂಗಳು ಯಾವುದು, ಎರಡೂ ಓದಿ. ಬರೆದಿಲ್ಲದಿದ್ದರೆ ಆ ಚೀಲ ಬಿಟ್ಟುಬಿಡಿ, ಯಾವ ಬ್ರ್ಯಾಂಡೇ ಆಗಿರಲಿ.

ಒತ್ತಡದ ಅಂಕಿಯ ಹಿಂದೆ ಬೀಳಬೇಡಿ. ಡೆಕ್ಸ್‌ಪ್ಯಾನ್ ಮೇಲೆ 18,000 ಪಿಎಸ್‌ಐ, ಅಂದರೆ 124 ಮೆಗಾಪ್ಯಾಸ್ಕಲ್ ಎಂದಿರುತ್ತದೆ. ಬೇರೆ ಚೀಲದ ಮೇಲೆ 30 ಎಂದೋ 50 ಎಂದೋ ಇರುತ್ತದೆ. ಅಳೆದ ಕೊಳವೆ, ಅಳೆದ ಹೊತ್ತು ಬೇರೆ ಬೇರೆ, ಪಕ್ಕಪಕ್ಕ ಇಟ್ಟು ತೂಗಲು ಬರುವುದಿಲ್ಲ. ಗ್ರಾನೈಟಿಗೆ ಬೇಕಾದದ್ದು ಎಲ್ಲದರಲ್ಲೂ ಇದೆ.

ಡ್ರಿಲ್‌ರಾಡ್, ಮಸ್ಕಿ

ಬ್ರ್ಯಾಂಡ್ ಮಾತಿನ್ಯಾಗ ಹೋಲಿನ ಸೈಜ್ ಮರತೀರಿ. ಬ್ಯಾಸಿಗ್ಯಾಗ ಅದೇ ಮುಖ್ಯ.

ಜಾಕ್ ಹ್ಯಾಮರಿಗೆ ಬರೋ ಸಾದಾ ರಾಡ್ ಸೆಟ್‌ನಾಗ 0.8 ಮೀಟರ್ ರಾಡಿನ ಬಾಯಿ 34 ಎಂಎಂ, 1.6 ಮೀಟರಿಂದು 33, 2.4 ಮೀಟರಿಂದು 32. ಇದೇ ನಮಗ ಛಲೋ. ದಪ್ಪ ಸೆಟ್ ಒಂದು ಬರ್ತದ, 40ರಿಂದ ಶುರು ಆಗೋದು. ದಪ್ಪ ಹೋಲಿಗೆ ಬಲ ಹೆಚ್ಚು, ದೂರ ದೂರ ಹಾಕಬಹುದು, ಡ್ರಿಲ್ಲಿಂಗ್ ಕೂಲಿ ಉಳೀತದ. ಖರೇ. ಆದರ ಹೋಲ್ ದಪ್ಪ ಆದಂಗ ನಡುವಿನ ಕಾವು ಕಲ್ಲಿಗೆ ಹೋಗಲಿಕ್ಕೆ ದೂರ ಆಗ್ತದ, ನಡುವ ಕುದೀತದ. ಏಪ್ರಿಲ್, ಮೇ ತಿಂಗಳಾಗ 34 ದಾಟಬ್ಯಾಡ್ರಿ. 50 ಎಂಎಂ ಹೋಲಿಗೆ ಪುಡಿ ಹಾಕೋ ವಿಚಾರ ಚಳಿಗಾಲದಾಗೂ ಬಿಡ್ರಿ.

ಈಗ ನಿಮ್ಮ ಗುಂಡು. ಮೊದಲ ಒಂದು ಕೇಳ್ತೀನಿ: ನೆಲದ ಒಳಗ ಎಷ್ಟು ಹುಗದದ? ನೀವು ಮ್ಯಾಲಿಂದು ಅಷ್ಟೇ ಹೇಳೀರಿ. ಆಳದ ಲೆಕ್ಕ ಪೂರಾ ಎತ್ತರಕ್ಕ. ಗುಂಡಿಗೆ 80 ಪರ್ಸೆಂಟ್ ಆಳ ಬೇಕು. ಪೂರಾ 5 ಅಡಿನೇ ಇದ್ರ 4 ಅಡಿ ಹೋಲು. ಒಂದು ಅಡಿ ಹುಗದಿದ್ರ 6ಕ್ಕ 4.8 ಅಡಿ. ಬದಿಗೆ ಅಗದು ನೋಡ್ರಿ, ಆಗಿದ್ರ ಆ ಮಣ್ಣು ಸುತ್ತಲೂ ತೆಗೀರಿ. ಮಣ್ಣು ಒತ್ತಿ ಹಿಡದಿದ್ರ ಸೀಳು ಬಿಚ್ಚೂದಿಲ್ಲ.

4 ಅಡಿ ಅಂತ ಹಿಡದ್ರ: ಉದ್ದಕ್ಕ ನಡುವ ಒಂದು ಸಾಲು, 25 ಸೆಂಟಿಮೀಟರಿಗೆ ಒಂದು. 3 ಮೀಟರಿನಾಗ ತುದಿ ಬಿಟ್ಟು 11 ಹೋಲು. 11ಕ್ಕ 1.2 ಮೀಟರ್ ಅಂದ್ರ 13.2 ಮೀಟರ್ ಹೋಲು. 33–34 ಎಂಎಂ ಹೋಲಿಗೆ ಮೀಟರಿಗೆ 1.35 ಕೆಜಿ ಪುಡಿ ಹೋಗ್ತದ, 17.8 ಕೆಜಿ ಆಯ್ತು. ಚೆಲ್ಲಿ ಹೋಗೋದು 10 ಪರ್ಸೆಂಟ್ ಸೇರಿಸ್ರಿ, 20 ಕೆಜಿಯ ಒಂದು ಪೆಟ್ಟಿಗಿ. ನಾಲ್ಕು ತುಂಡು ಬೇಕಂದ್ರ ಅಡ್ಡ ಸಾಲಿಗೆ ಇನ್ನ 6 ಹೋಲು, 10 ಕೆಜಿ ಹತ್ತಿರ. ಎರಡೂ ಸಾಲು ಒಂದೇ ದಿನ ತುಂಬಬ್ಯಾಡ್ರಿ. ಉದ್ದ ಸೀಳು ಬಿಟ್ಟ ಮ್ಯಾಲ ಅಡ್ಡ ಸಾಲು ಹಾಕಿದ್ರ ಅದಕ್ಕ ಸರಿಯಲಿಕ್ಕೆ ಜಾಗ ಸಿಗ್ತದ.

40 ಎಂಎಂ ಇದ್ದಿದ್ರ 37 ಸೆಂಟಿಮೀಟರಿಗೆ ಒಂದರಂಗ 7 ಹೋಲು, ಮೀಟರಿಗೆ 1.9 ಕೆಜಿ, ಒಟ್ಟು 16 ಕೆಜಿ. ಪುಡಿನೂ ಕಡಿಮಿ, ಡ್ರಿಲ್ಲಿಂಗೂ ಕಡಿಮಿ. ಅದಕ್ಕ ಕಂಟ್ರಾಕ್ಟರ್ ಮಂದಿ ದಪ್ಪ ರಾಡ್ ತರ್ತಾರ. ಡಿಸೆಂಬರಿನಾಗ ತರಲಿ, ಈಗ ಬ್ಯಾಡ.

ಹಿತ್ತಲಗುಂಡು, ಕುಷ್ಟಗಿ

ಬಾಳ ಉಪಕಾರ ಆತ್ರಿ. ಒಂದು ಅಡಿ ಹುಗದೈತಿ, ಮಣ್ಣು ತೆಗಸ್ತೀನಿ. ಕಲ್ಲು ಎಷ್ಟು ಬಿಸಿ ಐತಿ ಅಂತ ಅಳಿಯೋದು ಹೆಂಗ? ಫೋನ್‌ನಾಗ 41 ಡಿಗ್ರಿ ತೋರಿಸ್ತೈತಿ.

ಗಂಗಾವತಿ ಸಿವಿಲ್

ಫೋನಿನಲ್ಲಿ ಬರುವುದು ನೆರಳಿನ ಗಾಳಿಯ ಉಷ್ಣತೆ. ಪುಡಿಗೆ ಬೇಕಾದದ್ದು ಹೋಲಿನ ಒಳಗೋಡೆಯದು. ಎರಡಕ್ಕೂ ಬಹಳ ದೂರ, ಅದೂ ಎರಡು ದಿಕ್ಕಿನಲ್ಲಿ.

ನೆಲಕ್ಕೆ ಹಾಸಿದ ಬಂಡೆಯಲ್ಲಿ ದಿನದ ಬಿಸಿಲು ಮೇಲಿನ ಒಂದು-ಒಂದೂವರೆ ಅಡಿಯವರೆಗಷ್ಟೇ ಆಟ ಆಡುತ್ತದೆ. ಕೆಳಗೆ ಮೀಟರ್ ಆಳದಲ್ಲಿ 30ರ ಆಸುಪಾಸು ಇರುತ್ತದೆ. ಆದರೆ ನಿಮ್ಮದು ಒಂಟಿ ಗುಂಡು. ಐದು ಮೈಗೂ ಬಿಸಿಲು ತಾಗುತ್ತದೆ, ದಿನದಿನವೂ ಕಾವು ಒಳಗೆ ಕೂರುತ್ತದೆ. ಮಧ್ಯಾಹ್ನ ಮೇಲ್ಮೈ ಮೇಲೆ ಬರಿಗೈ ಇಡಲಾಗುವುದಿಲ್ಲ. ಒಳಗೂ 40 ದಾಟಿರಬಹುದು. ಅಂದರೆ ಬೇಸಿಗೆ ಗ್ರೇಡಿನ ಮಿತಿಯೂ ಮೀರಿದೆ.

ಅಳೆಯಲು ಉಷ್ಣತೆ ತೋರಿಸುವ ಮಲ್ಟಿಮೀಟರ್ ಸಾಕು, ಅದರ ಜೊತೆ ಕೆ-ಟೈಪ್ ತಂತಿ ಬರುತ್ತದೆ. ತಂತಿಯ ತುದಿಯನ್ನು ಕಡ್ಡಿಗೆ ಕಟ್ಟಿ ಹೋಲಿನೊಳಗೆ ಗೋಡೆಗೆ ತಾಗುವಂತೆ ಇಳಿಸಿ, ಬಾಯಿಗೆ ಬಟ್ಟೆ ತುರುಕಿ ಹತ್ತು ನಿಮಿಷ ಬಿಡಿ. ಬುಡದಲ್ಲಿ, ನಡುವೆ, ಬಾಯಿಂದ ಒಂದು ಗೇಣು ಕೆಳಗೆ, ಮೂರು ಕಡೆ ಓದಿ. ಮೂರರಲ್ಲಿ ಹೆಚ್ಚಿನದೇ ನಿಮ್ಮ ಲೆಕ್ಕ. ಡ್ರಿಲ್ ಮಾಡಿದ ಕೂಡಲೇ ಅಳೆಯಬೇಡಿ, ಬಿಟ್ ಉಜ್ಜಿದ ಕಾವು ಬುಡದಲ್ಲಿ ಇರುತ್ತದೆ. ಇವತ್ತು ಹೋಲು, ನಾಳೆ ತುಂಬುವುದು ಅಂತ ಇಟ್ಟುಕೊಳ್ಳಿ.

35ರ ಒಳಗೆ ಇಳಿಸಿಯೇ ತುಂಬಿ. ಎರಡು ದಿನ ಮೊದಲೇ ಮೇಲೆ ಚಪ್ಪರವೋ ತಾಡಪಾಲೋ ಕಟ್ಟಿ ನೆರಳು ಮಾಡಿ, ಕಲ್ಲಿಗೆ ಒದ್ದೆ ಗೋಣಿಚೀಲ ಹೊದಿಸಿ ಆಗಾಗ ನೀರು ಹಾಕಿ. ರಾತ್ರಿಯೆಲ್ಲ ತಣಿದ ಕಲ್ಲು ಬೆಳಗಿನ ಜಾವಕ್ಕೆ ಕನಿಷ್ಠಕ್ಕೆ ಇಳಿಯುತ್ತದೆ. ಆಗ ತುಂಬಬೇಕೋ ಸಂಜೆಯೋ ಎಂಬ ವಾದ ಯಾವಾಗಲೂ ಇದೆ. ನನ್ನ ಪ್ರಕಾರ ಒಂಟಿ ಗುಂಡಿಗೆ ಬೆಳಗಿನ ಜಾವ, ಆದರೆ ನೆರಳು ತೆಗೆಯದೆ. ಹಾಸುಬಂಡೆಗೆ ಸಂಜೆ.

ಶಾಟ್‌ಫೈರರ್, ಲಿಂಗಸುಗೂರು

ಬೆಳಗಿನ ಜಾವ ತುಂಬಿದ್ರ ಕಾವು ಏರೋ ಹೊತ್ತಿಗೆ ಬಿಸಿಲೂ ಏರ್ತದ. ನಾನು ಸಂಜಿಗೇ ಅಂತೀನಿ, ಸೂರ್ಯ ಮುಳುಗಿದ ಮ್ಯಾಲ ಎರಡು ತಾಸು ಬಿಟ್ಟು. ಇಡೀ ರಾತ್ರಿಯ ತಂಪು ಪುಡಿಗೆ ಸಿಗ್ತದ, ಮಂದಿ ಓಡಾಟನೂ ಇರೂದಿಲ್ಲ.

ಗಂಗಾವತಿ ಸಿವಿಲ್

ಮಂದಿ ಓಡಾಟದ ಮಾತು ಒಪ್ಪಿದೆ ಸರ್. ಮನೆ ಹಿತ್ತಲಲ್ಲಿ ಮಕ್ಕಳು ಇರುತ್ತಾರೆ. ಮೀಟರಿನಲ್ಲಿ 35 ಒಳಗೆ ಬಂದಿದ್ದರೆ ರಾತ್ರಿಯೇ ತುಂಬಲಿ.

ಸುಣ್ಣ-ಸಿಮೆಂಟು, ಬಳ್ಳಾರಿ

ಕಲಸುವುದು. ಹೆಚ್ಚಿನ ಅವಾಂತರ ಆಗುವುದೇ ಇಲ್ಲಿ, ಅದಕ್ಕೆ ಬಿಡಿಸಿ ಬರೆಯುತ್ತೇನೆ.

5 ಕೆಜಿ ಚೀಲಕ್ಕೆ 1.5 ಲೀಟರ್ ನೀರು. ಕಣ್ಣಂದಾಜು ಬೇಡ, ಗೆರೆ ಇರುವ ಲೀಟರ್ ಜಗ್ ಬಳಸಿ. ನೀರು ಹೆಚ್ಚಾದರೆ ಸುಲಭವಾಗಿ ಹರಿಯುತ್ತದೆ, ಆದರೆ ಹೋಲಿನಲ್ಲಿ ಪುಡಿ ಕೆಳಗೆ ಕೂತು ನೀರು ಮೇಲೆ ನಿಲ್ಲುತ್ತದೆ, ಒತ್ತಡ ಬರುವುದಿಲ್ಲ. ಕಡಿಮೆಯಾದರೆ ಗಂಟು ಉಳಿಯುತ್ತದೆ, ನಡುವೆ ಗಾಳಿ ಸಿಗುತ್ತದೆ, ಕಾವು ಬೇಗ ಏರುತ್ತದೆ. ಟ್ಯಾಂಕಿನ ನೀರು ಈಗ ಬಿಸಿ ಇರುತ್ತದೆ, ಅದನ್ನು ಬಳಸಬೇಡಿ. ಐಸ್ ಹಾಕಿ 10–15 ಡಿಗ್ರಿಗೆ ಇಳಿಸಿ, ಐಸ್ ಪೂರ್ತಿ ಕರಗಿದ ಮೇಲೆ ಅಳೆಯಿರಿ. ಪುಡಿಯ ಚೀಲವೂ ಬಿಸಿಲಲ್ಲಿ ಇರಬಾರದು. ನೀರು ತಣ್ಣಗೆ ಮಾಡಿ ಪುಡಿಯನ್ನು ಟಂಟಂ ಹಿಂದೆ ಸುಡಲು ಬಿಡುವವರು ಬಹಳ.

ಮೊದಲು ಬಕೆಟ್ಟಿಗೆ ನೀರು, ಅದರ ಮೇಲೆ ಪುಡಿ ನಿಧಾನವಾಗಿ. ಡ್ರಿಲ್ ಮೆಷಿನ್ನಿಗೆ ಪ್ಯಾಡಲ್ ಹಾಕಿ ಎರಡು ಮೂರು ನಿಮಿಷ ಕಲಸಿದರೆ ದೋಸೆಹಿಟ್ಟಿನ ಹದ ಬರುತ್ತದೆ. ಒಂದು ಸಲಕ್ಕೆ ಒಂದೇ ಚೀಲ. ಕಲಸಿದ್ದು ಐದು ನಿಮಿಷದೊಳಗೆ ಹೋಲಿನಲ್ಲಿರಬೇಕು. ನಾಲ್ಕೂ ಚೀಲ ಒಟ್ಟಿಗೆ ಕಲಸಿದರೆ ಮೂರನೆಯ ಹೋಲಿಗೆ ಬರುವಷ್ಟರಲ್ಲಿ ರಾಡಿ ಬಿಸಿಯಾಗಿರುತ್ತದೆ. ದಪ್ಪವಾಯಿತೆಂದು ಮತ್ತೆ ನೀರು ಸೇರಿಸಿ ಕಲಸಿದ್ದನ್ನು ತುಂಬಲೇಬಾರದು. ಬಕೆಟ್ಟಿನಲ್ಲಿ ಹೊಗೆಯಾಡಿದರೆ ಬಿಟ್ಟು ದೂರ ಹೋಗಿ.

ಹೋಲಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆದಿರಬೇಕು. ಕಲ್ಲು ಒಣಗಿದ್ದರೆ ರಾಡಿಯ ನೀರನ್ನು ಹೀರುತ್ತದೆ, ಆದ್ದರಿಂದ ಒಮ್ಮೆ ನೀರು ಹಾಕಿ ಊದಿ. ಒದ್ದೆ ಇರಲಿ, ನೀರು ನಿಂತಿರಬಾರದು. ಧಾರೆ ಕಡಿಯದಂತೆ ಒಂದೇ ಸಮನೆ ಸುರಿಯಿರಿ.

ಕಣ್ಣಿಗೆ ಪೂರಾ ಮುಚ್ಚುವ ಗಾಗಲ್, ರಬ್ಬರ್ ಕೈಗವಸು, ಉದ್ದ ತೋಳು. ತುಂಬಿದ ಹೋಲಿನ ಮೇಲೆ ಮುಖ ತರಬೇಡಿ, ಬೆಳಗಾದ ಮೇಲೂ. ಕಣ್ಣಿಗೆ ಬಿದ್ದರೆ ಉಜ್ಜದೆ 15 ನಿಮಿಷಕ್ಕೂ ಹೆಚ್ಚು ಹೊತ್ತು ಹರಿಯುವ ಶುದ್ಧ ನೀರಿನಲ್ಲಿ ತೊಳೆದು ನೇರ ಕಣ್ಣಿನ ಡಾಕ್ಟರ್ ಹತ್ತಿರ. ಸುಣ್ಣ ಕಣ್ಣಿನ ಒಳಪದರದವರೆಗೆ ಸುಡುತ್ತದೆ, ತಡ ಮಾಡಿದರೆ ದೃಷ್ಟಿ ಹೋಗುತ್ತದೆ. 20 ಲೀಟರ್ ಕ್ಯಾನ್ ಒಂದನ್ನು ಇದಕ್ಕೆಂದೇ ಪಕ್ಕದಲ್ಲಿ ಇಡಿ.

ಕಲ್ಕುಟಿಗ, ಯಲಬುರ್ಗಾ

ಬಾಯಿಗೆ ಹಸಿ ಮಣ್ಣು ಗಿಡದು ಕಲ್ಲು ಹೇರಿದರ ಒತ್ತಡ ಹೊರಗ ಹೋಗದಂಗ ಆಕೈತಿ ಅಂತಾರಲ್ಲ?

ಶಾಟ್‌ಫೈರರ್, ಲಿಂಗಸುಗೂರು

ಅದು ಮದ್ದಿನ ಪದ್ಧತಿ. ಮದ್ದಿನ್ಯಾಗ ಗ್ಯಾಸ್ ತಡೀಬೇಕು, ಅದಕ್ಕ ಬಾಯಿ ಗಿಡೀತಾರ. ಇಲ್ಲಿ ಗ್ಯಾಸೇ ಇಲ್ಲ, ಪುಡಿ ತಾನೇ ಗಟ್ಟಿಯಾಗಿ ಗ್ವಾಡಿ ಹಿಡಕೊಂಡು ಒತ್ತತದ. ಬಾಯಿ ಗಿಡದ್ರ ಹೋಲ್ ಹಾರೋ ಹೊತ್ತಿಗೆ ರಾಡಿ ಜೋಡಿ ಆ ಕಲ್ಲೂ ಹಾರ್ತದ. ಬಾಯಿ ತೆರದೇ ಇರಲಿ. ಮಂದಿ ದನ ಬರದಂಗ ಬೇಲಿ ಹಾಕ್ರಿ. ಹಾರಿದ ರಾಡಿ ತಡೀಲಿಕ್ಕೆ ತಾಡಪಾಲ್ ಕಟ್ಟೂದಾದ್ರ ಕಲ್ಲಿನ ಮ್ಯಾಲ ಹಾಸಬ್ಯಾಡ್ರಿ, ಮೇಲಕ್ಕ ಎತ್ತಿ ಕಟ್ರಿ, ಗಾಳಿ ಆಡಲಿ.

ಕಲ್ಕುಟಿಗ, ಯಲಬುರ್ಗಾ

ತಿಳೀತ್ರಿ. ಮತ್ತ ನಮ್ಮ ಕಡೆ ಕೆಲವರು ಗ್ವಾಡಿ ಸುಣ್ಣನ ತುಂಬಿ ನೋಡೋಣು ಅಂತಾರ, ಹತ್ತು ಪಾಲು ಅಗ್ಗ ಅಂತ.

ಸುಣ್ಣ-ಸಿಮೆಂಟು, ಬಳ್ಳಾರಿ

ಬೇಡವೇ ಬೇಡ. ಮೇಲೆ ಬರೆದ ಕಾರಣವೇ. ಅದು ನಿಮಿಷಗಳಲ್ಲಿ ಅರಳಿ ಕುದಿಯುತ್ತದೆ. ಗಟ್ಟಿಯಾಗಿ ಗೋಡೆ ಹಿಡಿಯುವ ಮೊದಲೇ ಹಿಗ್ಗಿ ಬಾಯಿಂದ ಹೊರಗೆ ಉಕ್ಕುತ್ತದೆ. ಕಲ್ಲೂ ಸೀಳುವುದಿಲ್ಲ, ಮೈಯೂ ಉಳಿಯುವುದಿಲ್ಲ. ಸಿಮೆಂಟ್ ಬೆರೆಸಿದರೂ ಅಷ್ಟೇ.

ಬ್ಲಾಕ್ ಮೇಸ್ತ್ರಿ, ಮುದಗಲ್

ಗುಂಡಿನ ಲೆಕ್ಕ ಸರಿ ಅದ. ಬ್ಲಾಕ್ ತೆಗೆಯೋರಿಗೆ ಬೇರೆ ಲೆಕ್ಕ, ಓದೋರಿಗೆ ಉಪಯೋಗ ಆಗಲಿ ಅಂತ ಬರೀತೀನಿ.

ಗ್ರಾನೈಟಿಗೆ ಸುಲಭವಾಗಿ ಸೀಳೋ ಮೈ ಒಂದು, ಅದಕ್ಕಿಂತ ಸ್ವಲ್ಪ ಬಿಗಿ ಇರೋದು ಒಂದು, ಬಾಳ ಬಿಗಿ ಇರೋದು ಒಂದು ಅಂತ ಮೂರು ಇರ್ತಾವ. ಸುಲಭದ ಮೈಯಾಗ 25–30 ಸೆಂಟಿಮೀಟರಿಗೆ ಹೋಲು ನಡೀತದ, ಬಿಗಿ ಮೈಯಾಗ 15–20 ಬೇಕು. ಆಳ 90 ಪರ್ಸೆಂಟ್, ಹೋಲು ಎಲ್ಲಾ ಒಂದೇ ಪಾತಳಿಯಾಗ ಇರಬೇಕು. ಒಂದು ಹೋಲು ಬುಡದಾಗ ಸೊಟ್ಟ ಹೋದ್ರ ಸೀಳು ಅದರ ಹಿಂದ ಹೋಗಿ ಬ್ಲಾಕ್ ಗಾತ್ರ ತಪ್ಪತದ. ಪುಡಿ ಎಷ್ಟು ಛಲೋ ಇದ್ರೂ ಸೊಟ್ಟ ಡ್ರಿಲ್ ಸರಿ ಮಾಡೂದಿಲ್ಲ.

ಪುಡಿ ಉಳಸಲಿಕ್ಕೆ ಒಂದು ಬಿಟ್ಟು ಒಂದು ತುಂಬ್ತಾರ. ಖಾಲಿ ಹೋಲು ಸೀಳಿಗೆ ದಾರಿ ತೋರಸ್ತದ. ಸುಲಭದ ಮೈಯಾಗ ಆಗ್ತದ, ಬಿಗಿ ಮೈಯಾಗ ಅಷ್ಟು ನಂಬಬ್ಯಾಡ್ರಿ. ಎರಡು ಪುಡಿ ಹೋಲಿಸೂದಾದ್ರ ಚೀಲದ ರೇಟ್ ನೋಡಬ್ಯಾಡ್ರಿ. ಸೀಳಿದ ಒಂದು ಚದರ ಮೀಟರ್ ಮೈಗೆ ಎಷ್ಟು ಕೆಜಿ ಪುಡಿ, ಎಷ್ಟು ಮೀಟರ್ ಡ್ರಿಲ್ಲಿಂಗ್ ಹೋತು ಅಂತ ಕೂಡಿಸ್ರಿ. ಸೋವಿ ಪುಡಿಗೆ ಹೋಲು ಹತ್ತಿರ ಹತ್ತಿರ ಬೇಕಾದ್ರ ಡ್ರಿಲ್ಲಿಂಗ್ ಕೂಲಿನೇ ಎಲ್ಲಾ ನುಂಗ್ತದ.

ವೈರ್ ಸಾ (ತಂತಿ ಗರಗಸ) ಬಂದ ಮ್ಯಾಲ ದೊಡ್ಡ ಕ್ವಾರಿಯಾಗ ಉದ್ದ ಕೊಯ್ತ ಅದರ ಕೆಲಸ, ಪುಡಿ ತುಂಡು ಮಾಡಲಿಕ್ಕೆ ಅಷ್ಟೇ.

ಗಂಗಾವತಿ ಸಿವಿಲ್

ಹೋಲಿನ ಸಾಲಿನಿಂದ ಕಲ್ಲು ಸೀಳುವುದು ನಮ್ಮ ನೆಲಕ್ಕೆ ಹೊಸದಲ್ಲ. ಹಂಪಿ, ಆನೆಗೊಂದಿ ಕಡೆಯ ಬಂಡೆಗಳಲ್ಲಿ ವಿಜಯನಗರದ ಕಲ್ಲುಕುಟಿಗರು ಬೆಣೆ ಹೊಡೆಯಲು ತೋಡಿದ ಕುಳಿಗಳ ಸಾಲು ಇವತ್ತಿಗೂ ಕಾಣುತ್ತದೆ. ಅವರ ಕುಳಿಗಳ ಅಂತರವೂ ಹತ್ತಿರ ಹತ್ತಿರವೇ.

ಈ ಮಾತಿಗೆ ಒಂದು ಎಚ್ಚರವೂ ಇದೆ. ಹೊಲದ ಬಂಡೆ ಒಡೆಸುವ ಮುಂಚೆ ಅದರ ಮೈ, ಅಡಿಯ ಗವಿ ಸರಿಯಾಗಿ ನೋಡಿ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಮಸ್ಕಿ ಮತ್ತು ಕೊಪ್ಪಳದ ಅಶೋಕನ ಶಾಸನಗಳು ಇರುವುದು ಇಂಥ ಬಂಡೆಗಳ ನಡುವೆಯೇ. ಮಸ್ಕಿಯ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರಿಗೆ. ಕೆಂಪು ಬಣ್ಣದ ಚಿತ್ರ, ಅಕ್ಷರ, ಕುಳಿ ಏನೇ ಕಂಡರೂ ಪುರಾತತ್ವ ಇಲಾಖೆಗೆ ತಿಳಿಸದೆ ಡ್ರಿಲ್ ಮುಟ್ಟಿಸಬೇಡಿ. ಪುಡಿಗೆ ಸ್ಫೋಟಕದ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಕಲ್ಲು ಮಾರಲು ಬರುತ್ತದೆ ಅಂತಲೂ ಅಲ್ಲ. ಮಾರುವುದಾದರೆ 1994ರ ಉಪಖನಿಜ ನಿಯಮಗಳ ಅಡಿ ಅನುಮತಿ ಬೇಕು.

ಬಾವಿ-ಕೆಲಸ, ಸಿಂಧನೂರು

ಬಾವಿ ಆಳ ಮಾಡೋ ಕಡಿ ಹೋಲಿನಾಗ ನೀರು ಬರ್ತದ. ಅಲ್ಲಿ ಪುಡಿ ನಡೀತದೇನು?

ಡ್ರಿಲ್‌ರಾಡ್, ಮಸ್ಕಿ

ನಡೀತದ, ಆದರ ನೇರ ಸುರಿಬ್ಯಾಡ್ರಿ. ನೀರಿನ್ಯಾಗ ಸುರಿದ್ರ ರಾಡಿ ತೆಳ್ಳಗಾಗಿ ಕೆಡ್ತದ. ಹೋಲಿನ ಸೈಜಿನ ತೆಳು ಪ್ಲಾಸ್ಟಿಕ್ ಕೊಳವಿ ಚೀಲ ಬುಡ ಕಟ್ಟಿ ಇಳಿಸಿ ಅದರೊಳಗ ಸುರೀರಿ. ರಾಡಿ ನೀರಿಗಿಂತ ಭಾರ, ತಾನೇ ನೀರನ್ನ ಮ್ಯಾಲಕ್ಕ ನೂಕ್ತದ. ಚೀಲ ಮಡಚಿ ನಡುವ ಗಾಳಿ ಉಳಿಬಾರದು.

ಬಾವಿ ಗ್ವಾಡಿಗೆ ಅಡ್ಡ ಹೋಲು ಇದ್ರ ಸುರಿಯಲಿಕ್ಕೆ ಬರೂದಿಲ್ಲ. ಅದಕ್ಕ ಕಾರ್ಟ್ರಿಜ್ ರೂಪದ ಪುಡಿ ಬರ್ತದ. ನೀರಿನ್ಯಾಗ ಅದರ ಮ್ಯಾಲ ಬರದಷ್ಟು ಹೊತ್ತು ನೆನಿಸಿ, ಒಂದರ ಹಿಂದ ಒಂದು ತುರುಕಿ, ಕಟಿಗಿ ಕೋಲಿಲೆ ಗಿಡೀಬೇಕು. ಕಬ್ಬಿಣದ ಕೋಲು ಬ್ಯಾಡ. ಕೇಳಿ ತರಿಸಬೇಕಾಗ್ತದ, ಎಲ್ಲಾ ಅಂಗಡ್ಯಾಗ ಸಿಗೂದಿಲ್ಲ.

ಬಾವಿಯಾಗ ಇನ್ನೊಂದು. ಬುಡದ ಬಂಡಿ ನಾಲ್ಕೂ ಕಡಿ ಬಿಗದಿರ್ತದ, ಸೀಳಿದ ತುಂಡು ಸರಿಯಲಿಕ್ಕೆ ಜಾಗ ಇಲ್ಲ. ನಡುವ ಮೊದಲ ಒಂದು ಕುಣಿ ಕೈಲೆ ಒಡದು ತೆಗದು, ಆ ಮ್ಯಾಲ ಅದರ ಸುತ್ತ ಸಾಲು ಹಾಕ್ರಿ. ಒಂದೇ ಸಲ ಎಲ್ಲಾ ತುಂಬಿದ್ರ ಪುಡಿ ವ್ಯರ್ಥ. ತುಂಬಿದ ಮ್ಯಾಲ ಬಾವಿಯೊಳಗ ಯಾರೂ ಇರಬಾರದು, ಹಾರಿದ್ರ ಓಡಲಿಕ್ಕೆ ದಾರಿ ಇಲ್ಲ.

ಹಿತ್ತಲಗುಂಡು, ಕುಷ್ಟಗಿ

ಡೆಕ್ಸ್‌ಪ್ಯಾನ್ ಟೈಪ್ 1 ತಗೋತೀನ್ರಿ, 33–34 ಹೋಲು, ಆಳ 4.8 ಅಡಿ. ಎಷ್ಟು ತಾಸಿಗೆ ಸೀಳು ಕಾಣತೈತಿ? ಸೀಳದಿದ್ದರ ಏನು ಮಾಡ್ಬೇಕು?

ಮಾಲು-ಲೆಕ್ಕ, ಬಳ್ಳಾರಿ

4.8 ಅಡಿಗೆ ಲೆಕ್ಕ ಬದಲಾಗುತ್ತದೆ. ಹೋಲು 1.46 ಮೀಟರ್, 11 ಹೋಲಿಗೆ 16 ಮೀಟರ್, 21.7 ಕೆಜಿ. ಚೆಲ್ಲುವುದೂ ಸೇರಿ ಐದು ಚೀಲ ಬೇಕು, ನಾಲ್ಕಲ್ಲ. ಅಡ್ಡ ಸಾಲಿಗೆ ಇನ್ನೂ 12–13 ಕೆಜಿ. ಎರಡು ಪೆಟ್ಟಿಗೆ ತೆಗೆದುಕೊಂಡರೆ ಒಂದು ಚೀಲ ಉಳಿಯಬಹುದು. ನಡುವೆ ಪುಡಿ ಸಾಲದೆ ಬೇರೆ ಗ್ರೇಡ್ ತಂದು ಉಳಿದ ಹೋಲು ತುಂಬುವುದಕ್ಕಿಂತ ಅದು ಮೇಲು.

ಸುಣ್ಣ-ಸಿಮೆಂಟು, ಬಳ್ಳಾರಿ

ಈ ಹವೆಗೆ ಬೆಳಗಾಗುವಷ್ಟರಲ್ಲಿ ಕೂದಲೆಳೆಯ ಗೆರೆ ಕಾಣಬಹುದು, 24 ಗಂಟೆಯೊಳಗೆ ಬೆರಳು ಹೋಗುವಷ್ಟು ಬಿಚ್ಚಬೇಕು. ಗೆರೆ ಕಂಡ ಮೇಲೆ, ಗಾಗಲ್ ಹಾಕಿಕೊಂಡು ದೂರದಿಂದ ಪೈಪಿನಲ್ಲಿ ಆ ಗೆರೆಗೆ ನೀರು ಬಿಡಿ. ಅರಳದೆ ಉಳಿದ ಪುಡಿಗೆ ನೀರು ಸಿಕ್ಕಿ ಸೀಳು ಇನ್ನೂ ಅಗಲವಾಗುತ್ತದೆ. ಆಮೇಲೆ ಸಬ್ಬಲ್ ಹಾಕಿ ಮೀಟಬಹುದು.

48 ಗಂಟೆಯಾದರೂ ಗೆರೆ ಇಲ್ಲದಿದ್ದರೆ ಹೋಲಿನ ಬಾಯಿ ನೋಡಿ. ಪುಡಿ ಒದ್ದೆಯಾಗಿ ಮೆತ್ತಗಿದ್ದರೆ ನೀರು ಹೆಚ್ಚಾಗಿತ್ತು, ಇಲ್ಲವೇ ಚೀಲ ಹಳೆಯದು. ಗಟ್ಟಿಯಾಗಿ ಬಾಯಿಂದ ಮೇಲೆ ಉಬ್ಬಿದ್ದರೆ ಪುಡಿ ತನ್ನ ಕೆಲಸ ಮಾಡಿದೆ, ಹೋಲು ದೂರವಾಗಿವೆ ಅಥವಾ ಬುಡ ಇನ್ನೂ ಮಣ್ಣಿನಲ್ಲಿ ಬಿಗಿದಿದೆ. ಆಗ ಎರಡು ಹೋಲಿನ ನಡುವೆ ಹೊಸ ಹೋಲು ಹಾಕಿ ತುಂಬಬೇಕು. ತುಂಬಿದ ಹೋಲನ್ನೇ ಮತ್ತೆ ಡ್ರಿಲ್ ಮಾಡಬೇಡಿ, ಒಳಗೆ ಒತ್ತಡ ಇರುತ್ತದೆ.

ಮಾಲು-ಲೆಕ್ಕ, ಬಳ್ಳಾರಿ

ಉಳಿಯುವ ಚೀಲದ ಬಗ್ಗೆ. ಒಡೆಯದ ಚೀಲ ತಯಾರಾದ ದಿನದಿಂದ ಒಂದು ವರ್ಷದವರೆಗೆ ಇಡಬಹುದು, ನೆಲಕ್ಕೆ ತಾಗದಂತೆ ಹಲಗೆ ಮೇಲೆ, ಒಣಗಿದ ಕೋಣೆಯಲ್ಲಿ. ಮಳೆಗಾಲ ದಾಟಿದ ಚೀಲ ಅಮುಕಿದರೆ ಗಂಟು ಸಿಕ್ಕರೆ ಅಥವಾ ಚೀಲ ಉಬ್ಬಿದ್ದರೆ ತೇವ ಕುಡಿದಿದೆ, ಕೆಲಸಕ್ಕೆ ಬಾರದು. ಅಂಗಡಿಯಲ್ಲಿ ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ. ಬಾಯಿ ಒಡೆದ ಚೀಲವನ್ನು ದಾರ ಕಟ್ಟಿ ಇಡುವ ಪದ್ಧತಿ ಬೇಡ, ಅದನ್ನು ಅವತ್ತೇ ಮುಗಿಸಿ.

ಕಲಸಿ ಉಳಿದ ರಾಡಿಯನ್ನು ಬಕೆಟ್ಟಿನಲ್ಲೋ ಬಾಟಲಿಯಲ್ಲೋ ಬಿಡಬೇಡಿ, ಗುಡ್ಡೆಯಾಗಿ ಇದ್ದರೆ ಅಲ್ಲೇ ಕುದಿಯುತ್ತದೆ. ಬಯಲಲ್ಲಿ ತೆಳ್ಳಗೆ ಹರವಿ. ಗಿಡದ ಬುಡ, ಬಾವಿಕಟ್ಟೆ, ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಬೇಡ. ಬಕೆಟ್, ಪ್ಯಾಡಲ್ ಎರಡನ್ನೂ ಪ್ರತಿ ಚೀಲದ ನಂತರ ತೊಳೆದು ಮುಂದಿನದಕ್ಕೆ ಕೈ ಹಾಕಿ, ಹಿಂದಿನ ಬಿಸಿ ರಾಡಿ ಅಂಟಿದ್ದರೆ ಹೊಸದೂ ಬೇಗ ಕಾಯುತ್ತದೆ.